ಗುಳಿಗೆಗೂ ಸೂತಕ

ನಾನು ಮೂವತ್ತು ವರ್ಷ ಜನರಿಗೆ ಸೂಜಿ ಚುಚ್ಚಿದವಳು. ಅದರಲ್ಲಿ ಕಡೆಯ ಹನ್ನೆರಡು ವರ್ಷ ಆ ಸೂಜಿಯೊಳಗೆ ಔಷಧವೇ ಇರಲಿಲ್ಲ. ಹೀಗೆ ಹೇಳಿದರೆ ಏನೋ ಮೋಸ ಮಾಡಿದಂತೆ ಕೇಳಿಸುತ್ತದೆ. ಮೋಸವಲ್ಲ, ಅಕ್ಯುಪಂಕ್ಚರ್. ಕೊಪ್ಪಳದ ಒಂದು ಧರ್ಮಾಸ್ಪತ್ರೆಯಲ್ಲಿ ನರ್ಸ್ ಆಗಿದ್ದೆ. ಅಲ್ಲಿ ನೋವಿನ ಚಿಕಿತ್ಸೆಗೆಂದೇ ಒಂದು ವಿಭಾಗ ತೆರೆದಾಗ ನನ್ನನ್ನು ಅಲ್ಲಿಗೆ ಹಾಕಿದರು. ಬೇರೆ ಯಾರೂ ಒಪ್ಪಿರಲಿಲ್ಲ.

ಈಗ ನಿವೃತ್ತಳಾಗಿ ಗಂಗಾವತಿಯ ಮನೆಯಲ್ಲಿ ಕೂತಿದ್ದೇನೆ. ಮೊನ್ನೆ ನಮ್ಮ ವಿಭಾಗಕ್ಕೆ ಹೊಸದಾಗಿ ಸೇರಿದ ಇಬ್ಬರು ಹುಡುಗಿಯರು ಬಂದು, ಕೆಲಸ ಹೇಗಿರುತ್ತದೆ ಹೇಳಿ ಮೇಡಂ ಎಂದರು. ತರಬೇತಿ ಪುಸ್ತಕದಲ್ಲಿರುವುದನ್ನು ನಾನು ಹೇಳುವುದಿಲ್ಲ, ಅದನ್ನು ಪುಸ್ತಕವೇ ಚೆನ್ನಾಗಿ ಹೇಳುತ್ತದೆ. ನಾನು ಯಾವಾಗ ಹೆಡ್ ನರ್ಸ್ ಆದೆ ಎಂಬುದೂ ಈ ಬರಹದಲ್ಲಿಲ್ಲ. ಆದೆ, ಅಷ್ಟೇ.

ಅಕ್ಯುಪಂಕ್ಚರ್ ಕಲಿಸಿದವರು ನಮ್ಮ ಹಿರಿಯ ಡಾಕ್ಟರು. ಮೊದಲು ಸುತ್ತಿದ ಟವೆಲ್ಲಿಗೆ, ಆಮೇಲೆ ನಮ್ಮ ಮೊಣಕಾಲಿಗೆ, ಆಮೇಲೆ ಅವರ ಮೊಣಕಾಲಿಗೆ ಚುಚ್ಚಿಸಿದರು. ಅವರ ಮೊಣಕಾಲಿಗೆ ಚುಚ್ಚುವಾಗ ನಮ್ಮ ಕೈ ಹೆಚ್ಚು ನಡುಗುತ್ತಿತ್ತು. ರಜೆ ಮಂಜೂರು ಮಾಡುವವರು ಅವರೇ ಆಗಿದ್ದರು. ಆಗ ಉಕ್ಕಿನ ಸೂಜಿಗಳನ್ನು ಕುದಿಸಿ ಮತ್ತೆ ಬಳಸುತ್ತಿದ್ದೆವು. ಈಗ ಒಂದೊಂದು ಸೂಜಿಯೂ ಒಂದೊಂದು ಪೊಟ್ಟಣದೊಳಗೆ ಬರುತ್ತದೆ, ಚುಚ್ಚುವುದಕ್ಕಿಂತ ಬಿಚ್ಚುವುದಕ್ಕೇ ಹೆಚ್ಚು ಹೊತ್ತು ಹಿಡಿಯುತ್ತದೆ.

ಮೊದಲ ಗಿರಾಕಿಗಳು ಶ್ರೀರಾಮನಗರದ ಕಡೆ ಭತ್ತ ನಾಟಿ ಮಾಡುವ ಹೆಣ್ಣುಮಕ್ಕಳು. ದಿನವಿಡೀ ಕೆಸರಿನಲ್ಲಿ ಬಗ್ಗಿ ಅವರ ಸೊಂಟ ಹೋಗಿರುತ್ತಿತ್ತು. ಕೂದಲಿನಷ್ಟು ಸಣ್ಣ ಸೂಜಿ ನೋಡಿ ಅವರು ಕೇಳುತ್ತಿದ್ದ ಮೊದಲ ಪ್ರಶ್ನೆ, ಇದರಾಗ ಔಷಧ ಎಲ್ಲೈತ್ರಿ ಎಂಬುದು. ಇಲ್ಲ ಎಂದರೆ ಒಬ್ಬರ ಮುಖ ಒಬ್ಬರು ನೋಡುತ್ತಿದ್ದರು. ಅವರ ಸೊಂಟಕ್ಕೆ ಸೂಜಿಯಿಂದ ನಿಜವಾಗಿಯೂ ಗುಣವಾಯಿತು, ಅದನ್ನು ನಾನು ಯಾರ ಮುಂದೆ ಬೇಕಾದರೂ ಹೇಳುತ್ತೇನೆ. ಯಲಬುರ್ಗಾ ಕಡೆಯ ಒಬ್ಬ ಯಜಮಾನರ ಬೆನ್ನ ತುಂಬ ಹಳೆಯ ಬರೆಗಳಿದ್ದವು. ನೋವಿಗೆ ಕಾಯಿಸಿದ ಕಬ್ಬಿಣದಿಂದ ಬರೆ ಹಾಕುವುದು ನಮ್ಮ ಕಡೆ ಇನ್ನೂ ಪೂರ್ತಿ ಹೋಗಿಲ್ಲ. ಅವರು ಹೇಳಿದ್ದು, ಬರೆ ಹಾಕಿದರೆ ಉರಿಯಾದರೂ ಆಗುತ್ತದೆ, ನಿಮ್ಮ ಸೂಜಿ ಒಳಗೆ ಹೋದದ್ದೇ ಗೊತ್ತಾಗುವುದಿಲ್ಲ, ಗೊತ್ತಾಗದ್ದು ಕೆಲಸ ಹೇಗೆ ಮಾಡೀತು ಎಂದು. ಹಿರಿಯ ಡಾಕ್ಟರ ಬಳಿ ಇದಕ್ಕೆ ಉತ್ತರವಿತ್ತು, ಆದರೆ ಅದು ಮುಗಿಯುವಷ್ಟರಲ್ಲಿ ಯಜಮಾನರ ಬಸ್ಸು ಹೋಗುತ್ತಿತ್ತು.

ನನ್ನ ಮೊದಲ ದೊಡ್ಡ ತಪ್ಪು ವಿರೂಪಾಪುರಗಡ್ಡೆಯ ಒಬ್ಬ ರೈತನ ಮೀನಖಂಡದಲ್ಲಿ ಒಂದು ಸೂಜಿ ಮರೆತದ್ದು. ಹಾಕಿದ್ದು ಒಂಬತ್ತು, ತೆಗೆದದ್ದು ಎಂಟು. ಆತ ಹಾಗೆಯೇ ಬಸ್ಸು ಹತ್ತಿ ಮನೆಗೆ ಹೋದ. ಮುಂದಿನ ವಾರ ಸೂಜಿಯನ್ನು ಕ್ಯಾಲೆಂಡರಿನ ಹಾಳೆಯಲ್ಲಿ ಮಡಿಸಿ ತಂದು, ಇದು ನಿಮ್ಮದೇನ್ರಿ ಎಂದು ಕೇಳಿದ. ನಾನು ಕ್ಷಮೆ ಕೇಳಿದೆ. ಆತ ನನ್ನನ್ನೇ ಸಮಾಧಾನ ಮಾಡಿ, ಒಂದು ಸೂಜಿ ಒಳಗೇ ಉಳಿದದ್ದರಿಂದ ಈ ಸಲ ಹೆಚ್ಚು ಗುಣವಾಗಿದೆ ಎಂದ. ಅಂದಿನಿಂದ ಹಾಕುವಾಗ ಮತ್ತು ತೆಗೆಯುವಾಗ ಜೋರಾಗಿ ಎಣಿಸುವುದು ನಮ್ಮಲ್ಲಿ ನಿಯಮವಾಯಿತು. ಆತನ ಮಾತಿನಿಂದ ಕಲಿಯಬೇಕಾದದ್ದು ಇನ್ನೊಂದಿತ್ತು. ನಮ್ಮ ಕಡೆಯ ಜನ ಚಿಕಿತ್ಸೆ ಕೊಟ್ಟವರ ಮನಸ್ಸು ನೋಯಿಸುವುದಿಲ್ಲ. ಅದನ್ನು ನಾನು ಆಗ ಕಲಿಯಲಿಲ್ಲ.

ನೋವನ್ನು ಅಳೆಯುವುದು ಇನ್ನೊಂದು ಕಥೆ. ಸೊನ್ನೆಯಿಂದ ಹತ್ತರೊಳಗೆ ಎಷ್ಟು ಎಂದು ಕೇಳಬೇಕೆಂದು ಪುಸ್ತಕದಲ್ಲಿದೆ. ಕೇಳಿದರೆ, ನೀವ ಹೇಳ್ರಿ, ಓದಿದವರು ಎನ್ನುತ್ತಿದ್ದರು. ಆಮೇಲೆ ನಗುವ ಮುಖದಿಂದ ಅಳುವ ಮುಖದವರೆಗೆ ಆರು ಮುಖಗಳಿರುವ ಒಂದು ಕಾರ್ಡು ಬಂತು. ಕುಷ್ಟಗಿಯ ಒಬ್ಬ ಅಜ್ಜ ಅದನ್ನು ಬಹಳ ಹೊತ್ತು ನೋಡಿ, ಕಡೆಯ ಮುಖದ ಮೇಲೆ ಬೆರಳಿಟ್ಟು, ಪಾಪ ಇವನಿಗೆ ಏನಾಗಿದೆ ಎಂದು ವಿಚಾರಿಸಿದ. ಕಡೆಗೆ ನಾನೇ ಒಂದು ದಾರಿ ಹುಡುಕಿದೆ. ನಮ್ಮ ಜನ ಏನನ್ನಾದರೂ ಆಣೆಯಲ್ಲಿ ಹೇಳುತ್ತಾರೆ. ಆಣೆ ಚಲಾವಣೆಯಿಂದ ಹೋದ ಎಷ್ಟೋ ವರ್ಷದ ಮೇಲೆ ಹುಟ್ಟಿದವರೂ ಜ್ವರ ನಾಕಾಣೆ ಉಳಿದೈತಿ ಎನ್ನುತ್ತಾರೆ. ಹದಿನಾರಾಣೆ ಅಂದರೆ ತಡೆಯಲಾಗದ ನೋವು, ಎಂಟಾಣೆ ಅಂದರೆ ಅರ್ಧ, ನಾಲ್ಕಾಣೆ ಅಂದರೆ ಕಾಲು. ಚಾರ್ಟಿನಲ್ಲಿ ಆಣೆಯಲ್ಲೇ ಬರೆಯತೊಡಗಿದೆ. ಹಿರಿಯ ಡಾಕ್ಟರು ಒಪ್ಪಿದರು, ಆಡಿಟ್‌ಗೆ ಬಂದವರು ಒಪ್ಪಲಿಲ್ಲ, ನಾವು ಆಣೆಯನ್ನೇ ಮುಂದುವರಿಸಿದೆವು.

ಹಿರಿಯ ಡಾಕ್ಟರು ನಿವೃತ್ತರಾದ ಮೇಲೆ ಡಾಕ್ಟರಮ್ಮ ಬಂದರು. ನನಗಿಂತ ಹದಿನೈದು ವರ್ಷ ಚಿಕ್ಕವರು, ಕಡಿಮೆ ಮಾತು. ಅವರು ತಂದದ್ದು ಉಪಶಮನ ಆರೈಕೆ. ವಾಸಿಯಾಗದ ರೋಗವಿದ್ದವರ ಮನೆಗೆ ವಾರಕ್ಕೊಮ್ಮೆ ಜೀಪಿನಲ್ಲಿ ಹೋಗಿ ನೋವು, ವಾಂತಿ, ಬೆನ್ನಿನ ಹುಣ್ಣು, ಭಯ ಇವನ್ನು ಕಡಿಮೆ ಮಾಡುವುದು. ಜೀಪಿನಲ್ಲಿ ನಾನು ಮತ್ತು ಡ್ರೈವರ್ ಬಸಣ್ಣ. ಕ್ಯಾನ್ಸರ್ ನೋವಿಗೆ ಮಾರ್ಫಿನ್ ಗುಳಿಗೆ ಮುಖ್ಯ, ಸೂಜಿ ಅದರ ಪಕ್ಕಕ್ಕೆ ಎಂದು ಡಾಕ್ಟರಮ್ಮ ಮೊದಲ ದಿನವೇ ಹೇಳಿದರು. ನನಗೆ ಸರಿ ಬರಲಿಲ್ಲ. ಹೆತ್ತವರಿಗೆ ಹೆಗ್ಗಣ ಮುದ್ದು, ನನಗೆ ನನ್ನ ಸೂಜಿ.

ಹುಲಿಗೆವ್ವನ ಮನೆ ಹನುಮಸಾಗರದ ಆಚೆಯ ಒಂದು ಹಳ್ಳಿಯಲ್ಲಿ. ವಯಸ್ಸು ಅರವತ್ತರ ಹತ್ತಿರ. ಎದೆಯ ಕ್ಯಾನ್ಸರ್ ಬೆನ್ನುಮೂಳೆಗೆ ಇಳಿದಿತ್ತು. ಬದುಕಿಸಿ ಎಂದು ಆಕೆ ಯಾವತ್ತೂ ಕೇಳಲಿಲ್ಲ. ಆಕೆಗೆ ಬೇಕಾಗಿದ್ದುದು ಎಡ ಮಗ್ಗುಲಿಗೆ ಮಲಗುವುದು. ಚಿಕ್ಕಂದಿನಿಂದ ಹಾಗೇ ಮಲಗಿದವಳು, ಈಗ ಅತ್ತ ಹೊರಳಿದರೆ ಪ್ರಾಣ ಹೋದಂತಾಗುತ್ತಿತ್ತು. ಮೂರು ತಿಂಗಳಿಂದ ಗೋಡೆಗೆ ಒರಗಿ ಕೂತೇ ನಿದ್ದೆ ಮಾಡುತ್ತಿದ್ದಳು. ನಿದ್ದೆಯೂ ಅಲ್ಲ, ತೂಕಡಿಕೆ.

ಆಕೆಯನ್ನು ನೋಡಿಕೊಳ್ಳುತ್ತಿದ್ದವಳು ಸೊಸೆ ರೇಣವ್ವ. ಗುಳಿಗೆ ಕೊಟ್ಟ ದಿನ ನಾನು ರೇಣವ್ವನಿಗೆ ಹೇಳಿದ ಮಾತು ನನಗೆ ಅಕ್ಷರಶಃ ನೆನಪಿದೆ. ಇದು ಸಾದಾ ಗುಳಿಗೆ ಅಲ್ಲ, ಎಲ್ಲರೂ ಮುಟ್ಟುವಂತಿಲ್ಲ, ಮಕ್ಕಳ ಕೈಗೆ ಸಿಗಬಾರದು, ಮನೆಯೊಳಗೆ ಎಲ್ಲಕ್ಕಿಂತ ಜೋಪಾನದ ಜಾಗದಲ್ಲಿ ಇಡು ಎಂದೆ. ಮುಂದಿನ ವಾರ ಹೋದರೆ ಗುಳಿಗೆ ದೇವರ ಜಗುಲಿಯ ಮೇಲಿತ್ತು. ಒಳಮನೆಯ ಗೋಡೆಗೂಡಿನಲ್ಲಿ, ದೇವಿಯ ಹಿತ್ತಾಳೆ ಮುಖದ ಪಕ್ಕ, ಕುಂಕುಮದ ಬಟ್ಟಲಿಗೆ ಒರಗಿಸಿ ಇಟ್ಟಿದ್ದಳು. ನಾಲ್ಕು ತಾಸಿಗೊಮ್ಮೆ ಕೈಕಾಲು ತೊಳೆದು, ಕೈಮುಗಿದು, ಒಂದು ಗುಳಿಗೆ ತಂದು ಅತ್ತೆಗೆ ಕೊಡುತ್ತಿದ್ದಳು. ಒಂದು ಹೊತ್ತೂ ತಪ್ಪುತ್ತಿರಲಿಲ್ಲ. ನಾನು ಮೆಚ್ಚಿ ಚಾರ್ಟಿನಲ್ಲಿ ‘ಆರೈಕೆ ಉತ್ತಮ’ ಎಂದು ಬರೆದೆ.

ಎರಡು ವಾರದಲ್ಲಿ ನೋವು ಹದಿನಾಲ್ಕಾಣೆಯಿಂದ ಎಂಟಾಣೆಗೆ ಬಂತು. ಇನ್ನೂ ಎಡ ಮಗ್ಗುಲಿಗೆ ಮಲಗಲು ಆಗುತ್ತಿರಲಿಲ್ಲ. ಮುಂದಿನ ಭೇಟಿಯಲ್ಲಿ ನೋಡಿ ಗುಳಿಗೆಯ ಪ್ರಮಾಣ ಏರಿಸೋಣ ಎಂದು ಡಾಕ್ಟರಮ್ಮ ಹೇಳಿದರು. ನಾನು ಪ್ರತಿ ಸಲ ಕೈಗೆ, ಕಾಲಿಗೆ, ಕಿವಿಗೆ ಸೂಜಿಯನ್ನೂ ಹಾಕಿ ಬರುತ್ತಿದ್ದೆ.

ಆ ಮುಂದಿನ ಭೇಟಿಗೆ ಹೋದಾಗ ರೇಣವ್ವ ಬಾಗಿಲಲ್ಲೇ ನಿಂತು, ಸೂತಕ ಐತ್ರಿ, ಒಳಗ ಬರ್ತೀರೇನು ಎಂದು ಕೇಳಿದಳು. ಹುಲಿಗೆವ್ವನ ಭಾವ, ಎರಡು ಮನೆ ಆಚೆ ಇದ್ದವರು, ಹಿಂದಿನ ದಿನ ತೀರಿಕೊಂಡಿದ್ದರು. ಅಣ್ಣತಮ್ಮಂದಿರ ಮನೆಗಳಿಗೆಲ್ಲ ಹನ್ನೊಂದು ದಿನ ಸೂತಕ. ನಮಗೆ ಅದೆಲ್ಲ ಇಲ್ಲ ಎಂದು ಹೇಳಿ ಒಳಗೆ ಹೋದೆ.

ಭೇಟಿಯ ಮೊದಲ ಕೆಲಸ ಗುಳಿಗೆ ಎಣಿಸುವುದು. ತಾನೇ ಕಣ್ಣಾರೆ ನೋಡಿ ಎಣಿಸಬೇಕು, ಯಾರ ಮಾತನ್ನೂ ಕೇಳಬಾರದು. ಮಾರ್ಫಿನ್‌ಗೆ ಅದು ಕಾನೂನು. ಗುಳಿಗೆ ತಾ ಎಂದೆ. ಅದಾವ್ರಿ, ಒಳಗ ಅದಾವ, ಎಂದಳು ರೇಣವ್ವ. ಸೂತಕದಲ್ಲಿ ಜಗುಲಿ ಮುಟ್ಟುವುದಿಲ್ಲ ಎಂಬುದು ನನಗೆ ಗೊತ್ತಿತ್ತು. ನಮ್ಮ ಓಣಿಯಲ್ಲಿ ಅರ್ಧ ಮನೆಗಳು ಹಿಂದೂಗಳವೇ, ಹುಟ್ಟಿದಾಗಿನಿಂದ ನೋಡಿದ್ದೇನೆ. ಸತ್ತವರ ಮನೆ, ಅದರಲ್ಲೂ ನಾನು ಮುಸಲ್ಮಾನಳು, ಆ ಮನೆಯವರ ಬಾಯಲ್ಲಿ ಬೇಗಂ, ಜಗುಲಿ ಮುಟ್ಟಿ ತೆಗೆದುಕೊಂಡು ಬಾ ಎಂದು ಒತ್ತಾಯಿಸಿದರೆ ಚೆನ್ನಾಗಿರುವುದಿಲ್ಲ ಅನ್ನಿಸಿತು. ಮರ್ಯಾದೆಗೆ ಸುಮ್ಮನಾದೆ. ಚಾರ್ಟಿನಲ್ಲಿ ‘ಎಣಿಸಿದೆ, ಸರಿ ಇದೆ’ ಎಂದು ಬರೆದೆ. ಎಣಿಸುವುದಕ್ಕೆ ತರಲಾಗದ ಗುಳಿಗೆಯನ್ನು ಕೊಡುವುದಕ್ಕೆ ಹೇಗೆ ತರುತ್ತಾರೆ ಎಂಬ ಪ್ರಶ್ನೆ ಒಂದನೆಯ ತರಗತಿಯ ಕೂಸಿಗೂ ಹೊಳೆಯುತ್ತದೆ. ನನಗೆ ಹೊಳೆಯಲಿಲ್ಲ.

ಹುಲಿಗೆವ್ವ ಬೆವರುತ್ತಿದ್ದಳು. ಮೂಗು ಸೋರುತ್ತಿತ್ತು, ಬೆಳಗಿನಿಂದ ನಾಲ್ಕು ಸಲ ಭೇದಿಯಾಗಿತ್ತು. ಮಾರ್ಫಿನ್ ಒಮ್ಮೆಲೇ ನಿಂತರೆ ಹೀಗೇ ಆಗುತ್ತದೆ ಎಂದು ಪುಸ್ತಕದಲ್ಲಿದೆ, ನಾನೇ ಹೊಸಬರಿಗೆ ಪಾಠ ಮಾಡಿದ್ದೆ. ನಾನು ‘ಬಿಸಿಲಿನ ಕಾರಣ’ ಎಂದು ಬರೆದು, ನೀರಿನಲ್ಲಿ ಕಲಸಿ ಕುಡಿಯುವ ಪುಡಿಯ ಎರಡು ಪೊಟ್ಟಣ ಕೊಟ್ಟೆ. ಸೂಜಿ ಹಾಕಿದೆ, ಇಪ್ಪತ್ತು ನಿಮಿಷ ಬಿಟ್ಟು ತೆಗೆದೆ, ಎಣಿಸಿದೆ. ಆಮೇಲೆ ಆಕೆಯ ಮುಖದ ಹತ್ತಿರ ಬಗ್ಗಿ, ನೋವು ಎಷ್ಟಾಣೆ ಉಳಿದಿದೆ ಎಂದು ಕೇಳಿದೆ. ಆಕೆ ನನ್ನ ಮುಖ ನೋಡಿ, ನಾಕಾಣೆ ಉಳಿದೈತ್ರಿ ಎಂದಳು.

ಎಂಟರಿಂದ ನಾಲ್ಕು, ಅದೂ ಗುಳಿಗೆಯ ಪ್ರಮಾಣ ಏರಿಸದೆ. ನನ್ನ ಬೆನ್ನನ್ನು ನಾನೇ ತಟ್ಟಿಕೊಂಡೆ. ಜೀಪಿನಿಂದಲೇ ಡಾಕ್ಟರಮ್ಮನಿಗೆ ಫೋನು ಮಾಡಿ, ಸೂಜಿ ಹಿಡಿದಿದೆ, ಪ್ರಮಾಣ ಏರಿಸುವುದು ಬೇಡ ಎಂದೆ. ನೀವು ನೋಡಿದ್ದೀರಿ, ನೀವು ಹೇಳಿದ ಹಾಗೆ, ಎಂದರು ಅವರು. ಆ ಮಾತು ನನಗೆ ಬಹಳ ಹಿತವಾಗಿತ್ತು.

ಮುಂದಿನ ವಾರ ಹೋದಾಗ ಆಕೆ ಮಂಚದ ಹಗ್ಗ ಹಿಡಿದು ಕೂತಿದ್ದಳು. ಕೆಳದುಟಿಯ ಮೇಲೆ ಹಲ್ಲಿನ ಗುರುತಿತ್ತು. ಮತ್ತೆ ಸೂಜಿ ಹಾಕಿದೆ, ಮತ್ತೆ ಕೇಳಿದೆ. ಆರಾಣೆ ಎಂದಳು. ನಾಲ್ಕಿದ್ದದ್ದು ಆರಾಯಿತಲ್ಲ ಎಂದು ನನಗೆ ಬೇಜಾರಾಯಿತು. ಆಕೆಯ ನೋವಿಗಲ್ಲ, ಆ ಅಂಕಿಗೆ. ಇದನ್ನು ಬರೆಯಲು ನಾಚಿಕೆಯಾಗುತ್ತದೆ, ಆದರೂ ಬರೆಯುತ್ತೇನೆ.

ರೇಣವ್ವ ಚಹ ತಂದಿಟ್ಟಳು. ಹೇಗಿದ್ದೀಯವ್ವ, ಸುಸ್ತಾಗಿದೀಯಾ ಎಂದು ಕೇಳಿದೆ.

“ಇನ್ನೇನ್ರಿ, ಮೂರು ದಿನಕ್ಕ ಸೂತಕ ಕಳೀತೈತಿ,” ಎಂದಳು. “ಮನಿ ತೊಳದು, ಜಗಲಿ ತೊಳದು, ಅವತ್ತ ಗುಳಿಗಿ ಚಾಲೂ ಮಾಡ್ತೀವಿ.”

ನಾನು ಚಹ ಕೆಳಗಿಟ್ಟೆ. ಎಂಟು ದಿನದಿಂದ ಆ ಹೆಂಗಸು ಒಂದು ಗುಳಿಗೆಯೂ ಇಲ್ಲದೆ, ಬೆನ್ನುಮೂಳೆಯ ಕ್ಯಾನ್ಸರ್ ಇಟ್ಟುಕೊಂಡು, ಗೋಡೆಗೆ ಒರಗಿ ಕೂತಿದ್ದಳು. ಮೊದಲು ನನಗೆ ರೇಣವ್ವನ ಮೇಲೆ ಸಿಟ್ಟು ಬಂತು. ನನಗೆ ಸಿಟ್ಟು ಬೇಗ ಬರುತ್ತದೆ, ಬಂದ ದಾರಿಯಲ್ಲೇ ವಾಪಸು ಹೋಗುವುದಿಲ್ಲ. ಆದರೆ ಆ ದಿನ ಬಾಯಿ ತೆರೆಯುವಷ್ಟರಲ್ಲೇ ಅದು ನನ್ನ ಕಡೆ ತಿರುಗಿತು. ಜೋಪಾನದ ಜಾಗ ಎಂದವಳು ನಾನು. ಎಲ್ಲರೂ ಮುಟ್ಟುವಂತಿಲ್ಲ ಎಂದವಳು ನಾನು. ಎಣಿಸದೆ ಎಣಿಸಿದೆ ಎಂದು ಬರೆದವಳೂ ನಾನೇ. ರೇಣವ್ವ ನನ್ನ ಮಾತನ್ನು ನಾನು ಹೇಳಿದ್ದಕ್ಕಿಂತ ಹೆಚ್ಚು ನಿಷ್ಠೆಯಿಂದ ಪಾಲಿಸಿದ್ದಳು. ಅತ್ತೆ ಕೇಳಿದ್ದರೆ ಬೇರೆ ದಾರಿ ಹುಡುಕುತ್ತಿದ್ದಳೋ ಏನೋ. ಅತ್ತೆಯೇ, ಭಾವನ ಸೂತಕ ಮುರೀಬ್ಯಾಡ, ಬೇಗಂ ಬಂದು ಸೂಜಿ ಹಾಕ್ತಾಳ, ತಡಕೋತೀನಿ ಎಂದಿದ್ದಳಂತೆ.

ಸಿಗ್ನಲ್ ಸಿಗುವ ಕಡೆ ಓಡಿಹೋಗಿ ಡಾಕ್ಟರಮ್ಮನಿಗೆ ಎಲ್ಲ ಹೇಳಿದೆ. ಇಷ್ಟು ದಿನ ನಿಂತ ಮೇಲೆ ಮೊದಲಿನಷ್ಟು ಕೊಡಬೇಡಿ, ಅರ್ಧದಿಂದ ಶುರುಮಾಡಿ, ಎರಡು ತಾಸು ಪಕ್ಕದಲ್ಲೇ ಕೂತು ಉಸಿರು ನೋಡಿ ಎಂದರು. ವಾಪಸು ಬಂದೆ. ಗುಳಿಗೆ ಇನ್ನೂ ಜಗುಲಿಯ ಮೇಲೇ ಇತ್ತು. ಜೀಪಿನಲ್ಲಿ ಇರುವುದೆಲ್ಲ ಬೇರೆಯವರ ಹೆಸರಿನ ಗುಳಿಗೆ, ಅದನ್ನು ಈಕೆಗೆ ಕೊಡುವಂತಿಲ್ಲ. ರೇಣವ್ವ ಒಳಮನೆಯ ಹೊಸ್ತಿಲಲ್ಲಿ ನಿಂತು ಅಳುತ್ತಿದ್ದಳು. ಆಕೆಯ ಗಂಡ ಬಂದ, ಪಕ್ಕದ ಮನೆಯ ಇಬ್ಬರು ಹಿರಿಯರು ಬಂದರು. ಅವರೂ ಅದೇ ಮನೆತನ, ಅವರಿಗೂ ಸೂತಕ. ಮುಟ್ಟಬಹುದೋ ಬಾರದೋ ಎಂದು ಮಾತು ಶುರುವಾಯಿತು. ಯಾರೂ ಕೆಟ್ಟವರಲ್ಲ, ಆದರೆ ಮಾತು ಬೇಗ ಮುಗಿಯುವಂತೆ ಕಾಣಲಿಲ್ಲ.

ಮುಗಿಸಿದವಳು ಹುಲಿಗೆವ್ವ. ಮಂಚದ ಹಗ್ಗ ಬಿಡದೆ ಹೇಳಿದಳು: “ಬೇಗಂಗೇನು ಸೂತಕ ಬಂದೈತಿ? ಆಕಿ ಹೋಗಿ ತಗೀಲಿ.”

ಹಿರಿಯರು ಯೋಚನೆ ಮಾಡಿದರು. ತರ್ಕದಲ್ಲಿ ತಪ್ಪು ಸಿಗಲಿಲ್ಲ. ಬಸಣ್ಣ ತಂಬಿಗೆಯಲ್ಲಿ ನೀರು ಹಾಕಿದ, ಕೈಕಾಲು ತೊಳೆದುಕೊಂಡೆ, ತಲೆಯ ಮೇಲೆ ಸೆರಗು ಎಳೆದುಕೊಂಡು ಒಳಮನೆಗೆ ಹೋದೆ. ದೀಪವಿರಲಿಲ್ಲ, ದೇವಿಯ ಮುಖದ ಮೇಲೆ ಎಂಟು ದಿನದ ಧೂಳಿತ್ತು. ಗುಳಿಗೆಯ ಡಬ್ಬಿ ತೆಗೆದುಕೊಂಡು ಹೊರಗೆ ಬಂದು, ಎಲ್ಲರ ಮುಂದೆ ಜೋರಾಗಿ ಎಣಿಸಿದೆ. ಭಾವ ತೀರಿಕೊಂಡ ಬೆಳಿಗ್ಗೆ ಎಷ್ಟಿರಬೇಕೋ ಅಷ್ಟೇ ಇತ್ತು, ಒಂದೂ ಕಡಿಮೆಯಾಗಿರಲಿಲ್ಲ.

ಅರ್ಧ ಗುಳಿಗೆ ಕೊಟ್ಟು ಪಕ್ಕದಲ್ಲಿ ಕೂತೆ. ಮುಕ್ಕಾಲು ತಾಸಿನ ಮೇಲೆ ಆಕೆಯ ಕೈ ಹಗ್ಗವನ್ನು ಬಿಟ್ಟಿತು. ಹಗ್ಗದ ಹೆಣಿಗೆ ಅಂಗೈಯಲ್ಲಿ ಅಚ್ಚಾಗಿತ್ತು. ನಾನು ಅತ್ತುಬಿಟ್ಟೆ. ನರ್ಸ್ ರೋಗಿಯ ಮುಂದೆ ಅಳಬಾರದು ಎಂದು ಪಾಠ ಮಾಡುವವಳು ನಾನೇ.

ಡಾಕ್ಟರಮ್ಮ ಬೈಯಲಿಲ್ಲ. ನಡೆದದ್ದನ್ನೆಲ್ಲ ನನ್ನ ಕೈಯಲ್ಲೇ ಬರೆಸಿ, ಸೋಮವಾರದ ಸಭೆಯಲ್ಲಿ ನನ್ನಿಂದಲೇ ಓದಿಸಿದರು. ‘ಎಣಿಸಿದೆ, ಸರಿ ಇದೆ’ ಎಂಬ ಸಾಲು ಬಂದಾಗ ನಿಲ್ಲಿಸಿ, ಇನ್ನೊಮ್ಮೆ ಓದಿ ಎಂದರು. ಓದಿದೆ. ಬೈದಿದ್ದರೆ ಇಷ್ಟು ಹೊತ್ತಿಗೆ ಮರೆತಿರುತ್ತಿದ್ದೆ.

ಮುಂದಿನ ಭೇಟಿಗೆ ಹೋಗುವಷ್ಟರಲ್ಲಿ ಸೂತಕ ಕಳೆದಿತ್ತು. ಗುಳಿಗೆಯನ್ನು ಅಡುಗೆಮನೆಯ ಎತ್ತರದ ಗೂಟಕ್ಕೆ ಒಂದು ತಗಡಿನ ಡಬ್ಬಿಯಲ್ಲಿ ತೂಗುಹಾಕಿಸಿದೆ. ಹುಲಿಗೆವ್ವ ಸ್ವಲ್ಪ ಗೆಲುವಾಗಿದ್ದಳು. ರೇಣವ್ವ ಹೊರಗೆ ಹೋದ ಮೇಲೆ ಕೇಳಿಯೇಬಿಟ್ಟೆ, ಆ ಎಂಟು ದಿನ ನನ್ನ ಸೂಜಿಯಿಂದ ಏನಾದರೂ ಕಡಿಮೆ ಆಗಿತ್ತೇ ಎಂದು.

“ಇಲ್ರಿ,” ಎಂದಳು.

“ನಾಲ್ಕಾಣೆ ಅಂದಿದ್ದಿ?”

“ಸೂಜಿ ಕಿತ್ತು ನನ್ನ ಬಾಯಿ ನೋಡಕೋತ ನಿಂತಿದ್ರಿ, ಪಾಸೋ ನಪಾಸೋ ಅಂತ ಕೇಳೋ ಕೂಸಿನಂಗ. ಅಷ್ಟು ದೂರದಿಂದ ಬಂದೀರಿ. ಹೆಂಗ ಇಲ್ಲ ಅನ್ನಲಿ?”

ಆಕೆಯ ನೋವು ಕಡಿಮೆ ಮಾಡಲು ನಾನು ಹೋದರೆ, ನನ್ನ ಮನಸ್ಸು ನೋಯಬಾರದೆಂದು ಆಕೆ ಹಲ್ಲು ಕಚ್ಚಿ ಕೂತಿದ್ದಳು. ಹೊಸ ಹುಡುಗಿಯರಿಗೆ ನಾನು ಹೇಳುವುದು ಇದನ್ನೇ. ಸೂಜಿ ಹಾಕಿದವರು ನೋವು ಎಷ್ಟಿದೆ ಎಂದು ಕೇಳಬಾರದು. ನಿಮಗೆ ಸಿಗುವ ಉತ್ತರ ನಿಮ್ಮ ಮುಖದ ಮೇಲೆ ಬರೆದದ್ದು.

ಹಾಗಾದರೆ ಕೇಳುವವರು ಯಾರು? ಬಸಣ್ಣ. ಆತನಿಗೆ ಸೂಜಿಯೂ ಇಲ್ಲ, ಗುಳಿಗೆಯೂ ಇಲ್ಲ, ಕಡಿಮೆಯಾದರೆ ಹೆಮ್ಮೆ ಪಡಬೇಕಾದ್ದೂ ಇಲ್ಲ. ಮನೆಗೆ ಹೋದ ಕೂಡಲೇ ನಾನು ಹೊರಗೆ ನಿಲ್ಲುವುದು, ಬಸಣ್ಣ ಒಳಗೆ ಹೋಗಿ ನೀರು ಕೇಳಿ ಕುಡಿದು, ಮಾತಿಗೆ ಮಾತು ತೆಗೆದು, ಎಷ್ಟಾಣೆ ಎಂದು ಕೇಳಿಕೊಂಡು ಬರುವುದು. ಡ್ರೈವರ್ ಹೇಳಿದ್ದನ್ನು ಚಾರ್ಟಿನಲ್ಲಿ ಬರೆಯುವುದೇ ಎಂದು ಡಾಕ್ಟರಮ್ಮ ಎರಡು ವಾರ ಒಪ್ಪಲಿಲ್ಲ. ಎಲ್ಲ ಮನೆಗಳಲ್ಲೂ ಬಸಣ್ಣನ ಅಂಕಿ ನನ್ನ ಅಂಕಿಗಿಂತ ಮೂರು ನಾಲ್ಕಾಣೆ ಹೆಚ್ಚು ಬಂದ ಮೇಲೆ, ತಾವೇ ಸ್ಕೇಲಿನಿಂದ ಗೆರೆ ಎಳೆದು ಹೊಸ ಕಾಲಂ ಮಾಡಿದರು. ಬಸಣ್ಣನ ಅಂಕಿಯ ಮೇಲೆ ಹುಲಿಗೆವ್ವನ ಗುಳಿಗೆಯ ಪ್ರಮಾಣ ಎರಡು ಸಲ ಏರಿತು. ಎರಡನೆಯ ಸಲದ ಮಾರನೆಯ ವಾರ ರೇಣವ್ವ ಬಾಗಿಲಲ್ಲೇ ಬಾಯಿಯ ಮೇಲೆ ಬೆರಳಿಟ್ಟು ನಮ್ಮನ್ನು ನಿಲ್ಲಿಸಿದಳು. ಒಳಗೆ ಹುಲಿಗೆವ್ವ ಎಡ ಮಗ್ಗುಲಿಗೆ ಮಲಗಿ ಗೊರಕೆ ಹೊಡೆಯುತ್ತಿದ್ದಳು. ನಾವು ಒಂದು ತಾಸು ಜೀಪಿನಲ್ಲಿ ಕೂತೆವು.

ಆಮೇಲೆ ಆಕೆ ಬದುಕಿದ್ದು ಐದು ವಾರ. ರೋಗ ತನ್ನ ದಾರಿಯಲ್ಲಿ ನಡೆದಿತ್ತು, ಅದನ್ನು ತಡೆಯುವುದು ನಮ್ಮ ಕೆಲಸವಾಗಿರಲಿಲ್ಲ. ಸೂಜಿ ಬಿಡೋಣವೇ ಎಂದು ಕೇಳಿದೆ. ಬ್ಯಾಡ್ರಿ, ಸೂಜಿ ಹಾಕೋ ನೆವಕ್ಕ ಇಪ್ಪತ್ತು ನಿಮಿಷ ಕೂಡ್ತೀರಿ, ಎಂದಳು. ಹಾಗಾಗಿ ಹಾಕುತ್ತಿದ್ದೆ, ಕೂಡುತ್ತಿದ್ದೆ. ಏನೂ ಕೇಳುತ್ತಿರಲಿಲ್ಲ.

ನಾವು ಕಡೆಯ ಸಲ ಹೋದದ್ದು ಆಕೆ ತೀರಿಕೊಳ್ಳುವ ನಾಲ್ಕು ದಿನ ಮೊದಲು. ದನಿ ಕುಗ್ಗಿತ್ತು, ಊಟ ಬಿಟ್ಟಿದ್ದಳು. ಬಸಣ್ಣ ಎಂದಿನಂತೆ ಒಳಗೆ ಹೋದ, ಎಂದಿಗಿಂತ ಬೇಗ ಹೊರಗೆ ಬಂದ. ಜೀಪಿನ ಪಕ್ಕ ನಿಂತು ತಲೆ ಕೆರೆದುಕೊಂಡ.

“ಎರಡಾಣೆ ಐತಂತ್ರಿ,” ಎಂದ. “ಬೇಗಂ ಕೇಳಿದ್ರ ಒಂದಾಣೆ ಅಂತ ಹೇಳಂದ್ಲು.”

ನಾನು ಒಳಗೆ ಹೋದೆ. ಮಂಚದ ಪಕ್ಕ ಕೂತು, ಒಂದಾಣೆ ಅಂತಲ್ಲ ಹುಲಿಗೆವ್ವ, ಭಾಳ ಛಲೋ ಆತು ಎಂದೆ. ಆಕೆ ಕಣ್ಣು ತೆರೆದು ನನ್ನ ಮುಖ ನೋಡಿದಳು. ನಿಮ್ಮ ಸೂಜಿ ಗುಣ್ರಿ, ಎಂದಳು. ಇಬ್ಬರೂ ನಕ್ಕೆವು. ಇಪ್ಪತ್ತು ನಿಮಿಷದ ಮೇಲೆ ಸೂಜಿ ತೆಗೆದು, ಎಣಿಸಿ, ಹೊರಗೆ ಬಂದು ಚಾರ್ಟಿನಲ್ಲಿ ಎರಡಾಣೆ ಎಂದು ಬರೆದೆ.